ಹನ್ನೊಂದನೆಯ ಚೌಕದ ಬಿಲ್ಲೆ

ಕಳೆದ ಭಾನುವಾರ ಆಲೂರಿನಲ್ಲಿ ಸರ್ವೇಯರ ಶ್ರದ್ಧಾಂಜಲಿ ಸಭೆ ನಡೆಯಿತು. ಹತ್ತೂವರೆಗೆ ಎಂದು ಕಾರ್ಡಿನಲ್ಲಿತ್ತು. ಶುರುವಾದದ್ದು ಹನ್ನೊಂದೂ ಹತ್ತಕ್ಕೆ. ಅವರು ಸಭಿಕರಾಗಿ ಬಂದಿದ್ದರೆ ಹತ್ತೂ ಮೂವತ್ತೊಂದಕ್ಕೆ ಎದ್ದು ಹೋಗುತ್ತಿದ್ದರು. ನನಗೆ ಮೂರು ನಿಮಿಷ ಕೊಟ್ಟಿದ್ದರು. ಎರಡೂ ಮುಕ್ಕಾಲು ನಿಮಿಷ ಮಾತಾಡಿ ಕೂತೆ. ಅವರ ಸಮಯಪಾಲನೆ, ನಕ್ಷೆಯ ಗೆರೆ, ಕಪ್ಪು ಛತ್ರಿ, ಇಷ್ಟೇ ಹೇಳಿದ್ದು. ನನ್ನ ನಂತರ ಎದ್ದ ನಿವೃತ್ತ ಅಧಿಕಾರಿಯೊಬ್ಬರು, "ಇವರು ಇಲ್ಲ ಅಂತ ಸಹಿ ಮಾಡಿದ ನೆಲದಲ್ಲಿ ಆಮೇಲೆ ಏನಾದರೂ ಸಿಕ್ಕಿದ್ದು ಒಂದೇ ಒಂದು ಸಲ" ಎಂದರು. ಸಭೆ ಮೆಲ್ಲಗೆ ನಕ್ಕಿತು. ಎಂಥವರಿಗೂ ಒಂದು ತಪ್ಪು ಇರಬೇಕಲ್ಲ ಎನ್ನುವಂಥ ನಗು. ನಾನೂ ನಕ್ಕೆ.

ಆ ಒಂದು ಸಲ ಏನಾಯಿತೆಂದು ಇಬ್ಬರಿಗೆ ಗೊತ್ತಿತ್ತು. ಈಗ ಒಬ್ಬನಿಗೆ.

ಅವರು ತಾಲ್ಲೂಕು ಕಚೇರಿಯ ಸರ್ವೇಯರ್. ನಾನು ಘಟ್ಟದಂಚಿನ ಒಂದು ಪೊಲೀಸ್ ಠಾಣೆಯಲ್ಲಿ ದಫೇದಾರ, ಬರವಣಿಗೆಯ ಕೆಲಸದವನು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಕೊಲೆಯ ಆಯುಧವನ್ನೋ ಕಾಣೆಯಾದವರನ್ನೋ ಹುಡುಕುವುದೆಂದರೆ, ಹತ್ತಿರದ ಊರಿನಿಂದ ಮೂವತ್ತು ಜನರನ್ನು ಕರೆದು ಹೊಲಕ್ಕೆ ಬಿಟ್ಟು "ಹುಡುಕ್ರಪ್ಪ" ಎಂದು ಕೂಗುವುದು. ಹಾಗೆ ಕುಂದೂರಿನ ಹತ್ತಿರ ಒಂದು ಆಲೂಗೆಡ್ಡೆ ಹೊಲದಲ್ಲಿ ಎರಡು ದಿನ ಕುಡುಗೋಲು ಹುಡುಕಿ ಸೋತಿದ್ದೆವು. ಸ್ಥಳದ ನಕ್ಷೆ ಬರೆಯಲು ಇವರನ್ನು ಕರೆಸಿದ್ದರು. ಬದುವಿನ ಮೇಲೆ ಛತ್ರಿ ಬಿಚ್ಚಿ ಕೂತು ಅರ್ಧ ಗಂಟೆ ನೋಡಿದರು. ಆಮೇಲೆ ಎದ್ದು ಬಂದು ಇನ್ಸ್‌ಪೆಕ್ಟರನ್ನು ಕೇಳಿದರು:

"ಸಾರ್, ಹುಡುಕಿರೋ ಜಾಗ ಯಾವುದು, ಹುಡುಕದೆ ಇರೋ ಜಾಗ ಯಾವುದು, ಒಸಿ ತೋರಿಸ್ತೀರಾ?"

ಯಾರಿಗೂ ತೋರಿಸಲು ಆಗಲಿಲ್ಲ. ಅವರು ತಮ್ಮ ಅಳತೆಯ ಸರಪಳಿ ಬಿಚ್ಚಿ ಹೊಲವನ್ನು ಚೌಕಗಳಾಗಿ ಮಾಡಿ ಮೂಲೆಗಳಲ್ಲಿ ಸುಣ್ಣ ಚೆಲ್ಲಿದರು. ಒಂದು ಚೌಕ ಮುಗಿಯುವವರೆಗೆ ಇನ್ನೊಂದಕ್ಕೆ ಯಾರೂ ಕಾಲಿಡಬಾರದು ಎಂದರು. ಕಾನ್‌ಸ್ಟೇಬಲ್ ಒಬ್ಬ ನನ್ನ ಕಿವಿಯ ಹತ್ತಿರ, "ಇವ್ರು ಕುಡ್ಲು ಹುಡ್ಕಕ್ಕೆ ಬಂದ್ರೋ ಸೈಟ್ ಅಳೆಯಕ್ಕೆ ಬಂದ್ರೋ ಮಾರಾಯ" ಎಂದ. ಐದನೆಯ ಚೌಕದಲ್ಲಿ ಕುಡುಗೋಲು ಸಿಕ್ಕಿತು. ಎರಡು ದಿನ ಮೂವತ್ತು ಜನ ಅದರ ಮೇಲೆ ಓಡಾಡಿದ್ದರು.

ಅಂದಿನಿಂದ ದೊಡ್ಡ ಪ್ರಕರಣ ಎಂದರೆ ಮೊದಲು ಅವರಿಗೆ ಕರೆ ಹೋಗುತ್ತಿತ್ತು. ಅದಕ್ಕೊಂದು ಹುದ್ದೆ ಇರಲಿಲ್ಲ, ಆದೇಶ ಇರಲಿಲ್ಲ. ತಹಶೀಲ್ದಾರರು ಒಂದು ದಿನದ ಮಟ್ಟಿಗೆ ಕಳಿಸಿಕೊಡುತ್ತಿದ್ದರು, ಅಷ್ಟೆ. ಅವರ ಜೊತೆ ಬರೆಯಲು ನಾನು ಹೋಗುತ್ತಿದ್ದೆ. ಇಬ್ಬರಿಗೂ ಹೊಂದಿಕೆಯಾಯಿತು. ನಾನು ಮೀಸಲು ಪಡೆಯಲ್ಲಿ ಪಳಗಿದವನು. ಐದಕ್ಕೆ ಏಳುವುದು, ಆರಕ್ಕೆ ಬೂಟು ಉಜ್ಜುವುದು, ಇವತ್ತಿಗೂ ತಪ್ಪಿಲ್ಲ. "ನಿಮ್ಮ ಅಕ್ಷರ ಅಚ್ಚು ಹಾಕ್ದಂಗೆ ಇರ್ತದೆ ದಫೇದಾರ್ರೇ, ಕಣ್ಮುಚ್ಕೊಂಡು ಸಹಿ ಮಾಡಬೋದು" ಎಂದು ಒಮ್ಮೆ ಹೇಳಿದ್ದರು. ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ.

ಅವರು ಅರಸೀಕೆರೆಯ ಕಡೆಯ ಬಯಲಿನವರು. ಗಿಡ್ಡ ಆಳು, ಕ್ಯಾನ್ವಾಸ್ ಬೂಟು, ಬುತ್ತಿಯಲ್ಲಿ ಯಾವತ್ತೂ ರೊಟ್ಟಿ ಮತ್ತು ಹುಚ್ಚೆಳ್ಳಿನ ಚಟ್ನಿ. ಹುಡುಕಾಟ ಮುಗಿಯುವವರೆಗೆ ಟೀ ಮುಟ್ಟುತ್ತಿರಲಿಲ್ಲ. ಊರೊಳಗೆ ನಡೆಯುವಾಗಲೂ ಕಣ್ಣು ನೆಲದ ಮೇಲೆಯೇ. ಬೀಗದ ಕೈ, ಕೂದಲ ಪಿನ್ನು, ಮಗುವಿನ ಒಂಟಿ ಚಪ್ಪಲಿ, ಏನು ಸಿಕ್ಕರೂ ಎತ್ತಿ ಕಚೇರಿಯ ಕಾಂಪೌಂಡ್ ಗೋಡೆಯ ಮೇಲಿಡುತ್ತಿದ್ದರು. ಪೇಟೆಯಲ್ಲಿ ಏನಾದರೂ ಕಳೆದುಕೊಂಡವರು ಮೊದಲು ಆ ಗೋಡೆ ನೋಡಿಕೊಂಡು ಬರುವ ರೂಢಿಯೇ ಬೆಳೆದಿತ್ತು.

'ಬಹುಶಃ' ಎಂಬ ಪದ ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ "ಬಹುಶಃ ಅಲ್ಲೇ ಇರ್ಬೇಕು ಸಾರ್" ಎಂದರೆ ಪೆನ್ಸಿಲು ಕೆಳಗಿಟ್ಟುಬಿಡುತ್ತಿದ್ದರು. "ಐತೆ ಅನ್ನಿ, ಇಲ್ಲ ಅನ್ನಿ, ಗೊತ್ತಿಲ್ಲ ಅನ್ನಿ. ಮೂರೇ ಇರೋದು. ನಾಲ್ಕನೇದು ಬ್ಯಾಡ."

ಅವರ ಕ್ರಮದಲ್ಲಿ ಎರಡು ವಿಶೇಷಗಳಿದ್ದವು. ಮೊದಲನೆಯದು, ಆಯಾ ಊರಿನವರಿಂದ ಆಯಾ ನೆಲ ಹುಡುಕಿಸುತ್ತಿರಲಿಲ್ಲ. ಕಾಫಿ ತೋಟ ಹುಡುಕಲು ಕುಂದೂರಿನ ಹೊಲದ ಜನ. ಕುಂದೂರಿನ ಹೊಲ ಹುಡುಕಲು ಯಸಳೂರಿನ ತೋಟದ ಜನ. ದಿನಾ ನಡೆಯುವ ನೆಲವನ್ನು ಯಾರೂ ನೋಡುವುದಿಲ್ಲ, ಕಾಲೇ ದಾಟಿಸಿಕೊಂಡು ಹೋಗಿಬಿಡುತ್ತದೆ ಎನ್ನುತ್ತಿದ್ದರು. ಎರಡನೆಯದು ಬಿಲ್ಲೆ. ಹಳೆಯ ಅಳತೆ ಸರಪಳಿಗಳಲ್ಲಿ ಗುರುತಿಗೆಂದು ಹಿತ್ತಾಳೆಯ ಸಣ್ಣ ಬಿಲ್ಲೆಗಳು ತೂಗುತ್ತವೆ. ಕಚೇರಿ ಕೈಬಿಟ್ಟ ಸರಪಳಿಗಳಿಂದ ಹದಿನಾಲ್ಕು ಬಿಲ್ಲೆ ಬಿಡಿಸಿ, ಮೊಳೆಯಿಂದ ನಂಬರು ಕೊರೆದು, ಒಂದು ಬಳೆಗೆ ಪೋಣಿಸಿಕೊಂಡಿದ್ದರು. ಹುಡುಕಾಟದ ದಿನ ಬೆಳಗ್ಗೆ ಒಬ್ಬರೇ ಹೋಗಿ ಚೌಕಕ್ಕೊಂದರಂತೆ ಬಚ್ಚಿಟ್ಟು ಬರುವರು. ಎಲೆಯ ಕೆಳಗೆ, ಬೇರಿನ ಸಂದಿನಲ್ಲಿ. ಹುಡುಕುವವರು ಆ ಬಿಲ್ಲೆ ತಂದುಕೊಡಬೇಕು. ತಂದರೆ ಚೌಕ ಸರಿಯಾಗಿ ಹುಡುಕಿದ್ದಾರೆ ಎಂದರ್ಥ. ಆಗ ಮಾತ್ರ ಆ ಚೌಕದ ಮುಂದೆ 'ಇಲ್ಲ' ಎಂದು ಸಹಿ. ತರದಿದ್ದರೆ ಮತ್ತೆ ಮೊದಲಿನಿಂದ.

"ಸಿಕ್ತು ಅನ್ನೋಕೆ ಸಾಕ್ಷಿ ಬ್ಯಾಡ, ವಸ್ತುನೇ ಕಾಣ್ತದೆ. ಇಲ್ಲ ಅನ್ನೋದಕ್ಕೆ ಬೇಕು ಸಾಕ್ಷಿ" ಎನ್ನುವುದು ಅವರ ಮಾತು. ಆ 'ಇಲ್ಲ'ದ ಮೇಲೆ ಇನ್ಸ್‌ಪೆಕ್ಟರುಗಳು ಮನೆ ಕಟ್ಟಬಹುದಿತ್ತು. ಒಬ್ಬರು ಜೈಲನ್ನೇ ಕಟ್ಟಿದರು.

ಅದು ಮೇ ತಿಂಗಳು. ಒಂದು ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ತಾಯಿ, ಇಬ್ಬರು ಗಂಡು ಮಕ್ಕಳು. ಇಬ್ಬರದೂ ಮರಗಸಿ ಕೆಲಸ, ಅಂದರೆ ಮಳೆಗಾಲಕ್ಕೆ ಮುಂಚೆ ಮರ ಹತ್ತಿ ನೆರಳಿನ ಕೊಂಬೆ ಕಡಿಯುವುದು. ಶನಿವಾರ ಸಂಜೆ ಅಣ್ಣ ತಮ್ಮ ಲೈನಿನ ಎಲ್ಲರ ಎದುರು ಹೊಡೆದಾಡಿಕೊಂಡರು. ಭಾನುವಾರದಿಂದ ತಮ್ಮ ಕಾಣಲಿಲ್ಲ. ಅಣ್ಣನ ಅಂಗಿಯ ಮೇಲೆ ರಕ್ತದ ಕಲೆ ಇತ್ತು. ಜಿಗಣೆ ಕಚ್ಚಿದ್ದು ಎಂದ. ಆ ವಾರ ಎರಡು ಮಳೆ ಬಿದ್ದಿತ್ತು, ನಮ್ಮ ಕಾಲಲ್ಲೂ ಜಿಗಣೆ ಇದ್ದವು. ಆದರೂ ಅವನ ಮಾತನ್ನು ಯಾರೂ ನಂಬಲಿಲ್ಲ.

ನಾಲ್ಕನೆಯ ದಿನ ತೋಟವನ್ನು ಹದಿನಾಲ್ಕು ಚೌಕ ಮಾಡಿ, ಕುಂದೂರಿನವರನ್ನು ಮೂರು ತಂಡ ಮಾಡಿ ಹುಡುಕಾಟ. ಒಂದು ತಂಡಕ್ಕೆ ಒಂದು ಸಲಕ್ಕೆ ಒಂದೇ ಚೌಕ. ಹನ್ನೊಂದನೆಯದು ಕೆಳಗಿನ ಮೂಲೆ. ಅದರ ಅಂಚಿಗೆ ಆನೆ ಬಾರದಂತೆ ತೋಡಿದ ಹಳೆಯ ಕಂದಕ, ಅದರ ತುಂಬ ಲಂಟಾನದ ಮುಳ್ಳುಪೊದೆ. ಆಚೆ ಕಾಡು. ಬೆಳಗ್ಗೆ ಬಿಲ್ಲೆ ಇಡಲು ಹೊರಟ ಸರ್ವೇಯರಿಗೆ ತೋಟದ ವಾಚರ್ ಅಡ್ಡ ನಿಂತ. "ಬ್ಯಾಡಿ ಸಾ, ನಿನ್ನೆ ಅಲ್ಲೇ ಮೂರು ಆನೆ ನಿಂತಿದ್ವು. ಒಬ್ರೇ ಹೋದ್ರೆ ನಾ ಜವಾಬ್ದಾರ ಅಲ್ಲ." ಅದಕ್ಕೆ ಬಂದೂಕು ಹಿಡಿದು ನಾನು ಅವರ ಜೊತೆ ಹೋದೆ. ಸಿಲ್ವರ್ ಓಕ್ ಮರದ ಒಂದು ಮೋಟಿನ ಬಿರುಕಿಗೆ ಅವರು ಬಿಲ್ಲೆ ತುರುಕುವುದನ್ನು ನಾನು ಕಂಡೆ. ಬೇಕೆಂದು ನೋಡಲಿಲ್ಲ. ಪಕ್ಕದಲ್ಲೇ ಇದ್ದೆ.

ಹನ್ನೊಂದನ್ನು ಕೊನೆಗೆ ಇಟ್ಟುಕೊಂಡೆವು. ನಾಲ್ಕು ಗಂಟೆಯ ಹೊತ್ತಿಗೆ ಉಳಿದಿದ್ದು ಅದು, ಮತ್ತು ಮೇಲ್ಗಡೆ ಹದಿನಾಲ್ಕನೆಯದರ ಸ್ವಲ್ಪ ಭಾಗ. ಸರ್ವೇಯರ್ ಇನ್ಸ್‌ಪೆಕ್ಟರ ಜೊತೆ ಮೇಲಿದ್ದರು. ಹನ್ನೊಂದಕ್ಕೆ ಹನ್ನೆರಡು ಜನ ಕುಂದೂರಿನವರನ್ನು ಕರೆದುಕೊಂಡು ನಾನು ಇಳಿದೆ. ಕಂದಕದ ಆಚೆ ಎಲ್ಲೋ ಕೊಂಬೆ ಮುರಿದ ಸದ್ದಾಯಿತು.

"ನಾವು ಬರಕ್ಕಿಲ್ಲ ಸಾ" ಎಂದ ಅವರಲ್ಲಿ ಹಿರಿಯ. "ನಮ್ಮೂರಲ್ಲಿ ಆನೆ ಅಂದ್ರೆ ದೇವ್ರು. ದೇವ್ರನ್ನ ಇಷ್ಟ್ ಹತ್ರ ನೋಡಾಕೆ ನಾವಿನ್ನೂ ತಯಾರಿಲ್ಲ."

ಎಲ್ಲರೂ ನಕ್ಕರು. ಯಾರೂ ಕದಲಲಿಲ್ಲ.

ನಾನು ಗಡಿಯಾರ ನೋಡಿದೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದು ಮಹಜರನ್ನೂ ನಾನು ಮರುದಿನಕ್ಕೆ ಉಳಿಸಿದವನಲ್ಲ. ಐದಕ್ಕೆ ಬರಹ ಮುಗಿಯಬೇಕು, ಸಾಕ್ಷಿಗಳಾದ ಪಂಚರ ಸಹಿಯಾಗಬೇಕು, ವ್ಯಾನು ಹೊರಡಬೇಕು. ಮುಗಿದ ಹನ್ನೆರಡು ಚೌಕದಲ್ಲಿ ಏನೂ ಇರಲಿಲ್ಲ. ಇಲ್ಲಿಯೂ ಇರುವುದಿಲ್ಲ ಎಂದುಕೊಂಡೆ. ಬಂದೂಕು ಹಿಡಿದು ಒಬ್ಬನೇ ನೇರ ಮೋಟಿನ ಹತ್ತಿರ ನಡೆದೆ. ಬಿರುಕಿನಿಂದ ಬಿಲ್ಲೆ ಎಳೆದುಕೊಂಡೆ. ಕಂದಕದ ಕಡೆಗೆ ಮುಖ ಕೂಡ ತಿರುಗಿಸಲಿಲ್ಲ. ವಾಪಸು ಬಂದು ಬರೆದೆ: ಹನ್ನೊಂದನೆಯ ಚೌಕ, ಕುಂದೂರಿನ ಹನ್ನೆರಡು ಜನರಿಂದ ಹುಡುಕಲಾಯಿತು, ಇಲ್ಲ. ಆರಂಭ ನಾಲ್ಕೂ ಇಪ್ಪತ್ತು, ಮುಕ್ತಾಯ ನಾಲ್ಕೂ ಮೂವತ್ತೈದು.

ಸರ್ವೇಯರ್ ಇಳಿದು ಬಂದರು. ಬಿಲ್ಲೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನಂಬರು ನೋಡಿದರು. ನನ್ನ ಅಕ್ಷರ ನೋಡಿದರು. ಸಹಿ ಮಾಡಿದರು. ಐದು ಗಂಟೆಗೆ ವ್ಯಾನು ಹೊರಟಿತು.

ಹೆಣ ತೋಟದಲ್ಲಿ ಇಲ್ಲ ಎಂದಾದ ಮೇಲೆ ಇನ್ಸ್‌ಪೆಕ್ಟರ ಲೆಕ್ಕ ಸುಲಭವಾಯಿತು. ಅಣ್ಣನೇ ಕೊಂದು ಹೊತ್ತು ಹೊಳೆಗೆ ಹಾಕಿದ್ದಾನೆ. "ಸರ್ವೇಯರ್ರೇ ಇಲ್ಲ ಅಂದ್ಮೇಲೆ ಇಲ್ಲ ಕಣ್ರೀ. ಆ ಮನುಷ್ಯ ಸೂಜಿ ಬಿಡಲ್ಲ, ಹೆಣ ಬಿಡ್ತಾನಾ?" ಅಣ್ಣನನ್ನು ಒಳಗೆ ಹಾಕಿದರು. ಅವನ ಕಸ್ಟಡಿ ಕಾಗದಗಳನ್ನು ಪ್ರತಿ ಸಲವೂ ನಾನೇ ಬರೆದೆ. ಆರೋಪಪಟ್ಟಿಯ ಶುದ್ಧ ಪ್ರತಿಯೂ ನನ್ನ ಅಚ್ಚಿನ ಅಕ್ಷರದಲ್ಲೇ ಹೋಯಿತು. ಹನ್ನೊಂದನೆಯ ಚೌಕವನ್ನು ಒಮ್ಮೆ ನೋಡಿ ಬರೋಣ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಯಾಕೆ ಎಂದು ಕೇಳುತ್ತಿದ್ದರು. ಆ 'ಯಾಕೆ'ಗೆ ಉತ್ತರ ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆಗಾಲದಲ್ಲಿ ಆ ಮೂಲೆಗೆ ಯಾರೂ ಹೋಗುವುದಿಲ್ಲ.

ಆಗಸ್ಟಿನಲ್ಲಿ ಒಮ್ಮೆ ಅಣ್ಣನನ್ನು ಹಾಸನದ ಕೋರ್ಟಿಗೆ ಸರ್ಕಾರಿ ಬಸ್ಸಿನಲ್ಲಿ ಕರೆದೊಯ್ಯುವ ಸರದಿ ನನ್ನದಾಯಿತು. ನನ್ನ ಎಡಗೈಗೂ ಅವನ ಬಲಗೈಗೂ ಒಂದೇ ಕೋಳ. ಆಲೂರು ದಾಟಿದ ಮೇಲೆ ಕೇಳಿದ:

"ಸಾ, ತ್ವಾಟ ಪೂರಾ ನೋಡಿದ್ರಾ?"

"ನೋಡಿದೀವಿ."

"ಕೆಳಗಿನ ಮೂಲೆನೂ?"

"ಎಲ್ಲಾ ಬರೆದಿದೆ ಕಣೋ. ಸುಮ್ನೆ ಕೂತ್ಕೊ."

"ಬರ್ದಿರಾದು ಬುಡಿ ಸಾ. ಅವ್ನು ಭಾನುವಾರ ಸೌದೆಗೆ ಅಂತ ಕೆಳಗಿನ ಮೂಲೆ ಮರ ಹತ್ತೋನು. ಅದಕ್ಕೆ ಕೇಳ್ದೆ."

ಅವನು ಕೈ ಎತ್ತಿ ಕಿಟಕಿಯ ಸರಳು ಹಿಡಿದ. ಕೋಳದ ಜೊತೆ ನನ್ನ ಕೈಯೂ ಮೇಲೆದ್ದಿತು. ಹಾಸನ ಬರುವವರೆಗೆ ಇಬ್ಬರ ಕೈಯೂ ಅಲ್ಲೇ ಇತ್ತು.

ಅವನ ತಾಯಿ ಠಾಣೆಗೆ ಬರುತ್ತಿರಲಿಲ್ಲ. ಪ್ರತಿ ಗುರುವಾರ ಬಸ್ಸಿಗೆ ಬಂದು ಸರ್ವೇಯರ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಂದು ಗುರುವಾರ ಯಾವುದೋ ನಕ್ಷೆಯ ಪ್ರತಿಗೆಂದು ಹೋದಾಗ ಅವರಿಬ್ಬರ ಮಾತು ನನ್ನ ಕಿವಿಗೆ ಬಿತ್ತು.

"ತ್ವಾಟದಾಗೆ ಇಲ್ಲ ಅಂತ ನೀವು ಬರ್ದ್ರಂತಲ್ಲ ಸಾಮಿ. ಇಲ್ಲ ಅಂತ ಬರ್ಯೋರಿಗೆ ಎಲ್ಲಿ ಐತೆ ಅಂತ ಗೊತ್ತಿರಬ್ಯಾಡ್ವಾ? ಅದನ್ನೂ ಬರ್ದ್ಕೊಡಿ. ಒಬ್ಬನ್ನ ಮಣ್ಣು ಮಾಡ್ತೀನಿ, ಇನ್ನೊಬ್ಬನ್ನ ಮನೆಗೆ ಕರ್ಕೊಂಡೋಯ್ತೀನಿ."

"ನಂಗೆ ಗೊತ್ತಿಲ್ಲ ಕಣಮ್ಮ."

"ಗೊತ್ತಿಲ್ದೆ ಸಹಿ ಹಾಕ್ಬುಟ್ರಾ?"

ಅವರು ಅವಳಿಗೆ ಬಸ್ಸು ಬರುವವರೆಗೆ ತಮ್ಮ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಅಲ್ಲೇ ಕೂತು ಕೆಲಸ ಮಾಡಿದರು. ಪ್ರತಿ ಗುರುವಾರ ಹಾಗೇ ಮಾಡುತ್ತಿದ್ದರಂತೆ. ಜವಾನ ಹೇಳಿದ.

ನವೆಂಬರಿನ ಒಂದು ಭಾನುವಾರ, ಆರೂಕಾಲು. ನಾನು ಕ್ವಾರ್ಟರ್ಸಿನ ಜಗಲಿಯಲ್ಲಿ ಬೂಟು ಉಜ್ಜುತ್ತಿದ್ದೆ. ಅವರು ಛತ್ರಿ ಹಿಡಿದು ಬಂದರು. ಮಹಜರಿನ ನಕಲು ಪ್ರತಿ ಕೈಯಲ್ಲಿತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಎಲ್ಲಾ ಚೌಕಕ್ಕೂ ಒಂದೊಂದು ಗಂಟೆ ಮೇಲೆ ಹಿಡಿದದೆ. ಹನ್ನೊಂದಕ್ಕೆ ಹದಿನೈದು ನಿಮಿಷ. ಬರೆದಿರೋದು ನೀವೇ."

ನಾನು ಬೂಟು ಕೆಳಗಿಟ್ಟೆ. ಆ ದಿನ ಹುಡುಕಿದ್ದನ್ನು ಸುಳ್ಳು ಬರೆದೆ, ಹುಡುಕಿದವರನ್ನು ಸುಳ್ಳು ಬರೆದೆ. ಸಮಯವನ್ನು ಮಾತ್ರ ಸುಳ್ಳು ಬರೆಯಲು ನನ್ನ ಕೈಗೆ ಅಭ್ಯಾಸವಿರಲಿಲ್ಲ. ಗಡಿಯಾರ ನೋಡಿ ಇದ್ದದ್ದನ್ನೇ ಬರೆದಿದ್ದೆ.

"ಬಿಲ್ಲೆ ಹುಡುಕಿದ್ರೋ, ತಗೊಂಡ್ರೋ?"

"ತಗೊಂಡೆ" ಎಂದೆ.

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಛತ್ರಿಯ ತುದಿಯಿಂದ ನೆಲದಲ್ಲಿ ಒಂದು ಸಣ್ಣ ಚೌಕ ಗೀಚಿದರು.

"ನಿಮ್ಮೆದುರಿಗೆ ಬಚ್ಚಿಟ್ಟೆ ನೋಡಿ, ಅದು ತಪ್ಪು. ಬರೆಯೋರಿಗೆ ಜಾಗ ಗೊತ್ತಿರಬಾರ್ದು. ಆ ಕೆಲಸ ನಂಬಿಕೆ ಮ್ಯಾಲೆ ನಿಲ್ಲಬಾರ್ದಿತ್ತು, ನಿಲ್ಲಿಸ್ಬುಟ್ಟೆ."

ಅಷ್ಟು ಹೇಳಿ ಹೋದರು. ನನ್ನನ್ನು ಕೆಟ್ಟವನು ಎನ್ನಲಿಲ್ಲ. ಅಳತೆಯಲ್ಲಿ ಸರಪಳಿಯ ಒಂದು ಕೊಂಡಿ ಹೆಚ್ಚು ಕಡಿಮೆ ಬಂದರೆ ಹೇಗೆ ಗುರುತು ಹಾಕಿಕೊಳ್ಳುತ್ತಿದ್ದರೋ ಹಾಗೆ ನನ್ನನ್ನು ಗುರುತು ಹಾಕಿಕೊಂಡರು.

ಮರುದಿನ ಅವರು ಇನ್ಸ್‌ಪೆಕ್ಟರಿಗೆ ಕೊಟ್ಟ ಕಾಗದವನ್ನು ದಾಖಲು ಮಾಡಿಕೊಂಡವನು ನಾನೇ. ಮೂರು ಸಾಲು: "ಹನ್ನೊಂದನೆಯ ಚೌಕದ ಬಗ್ಗೆ ನಾನು ಹಾಕಿದ ಸಹಿ ತಪ್ಪು. ಆ ಚೌಕವನ್ನು ಸರಿಯಾಗಿ ಹುಡುಕಿಲ್ಲ. ಜವಾಬ್ದಾರಿ ನನ್ನದು." ಇನ್ಸ್‌ಪೆಕ್ಟರ್ ಕೂಗಾಡಿದರು. "ಕೋರ್ಟಿಗೆ ಹೋಗಿರೋ ಕಾಗದ ಕಣ್ರೀ ಅದು! ಆರು ತಿಂಗಳಾದ್ಮೇಲೆ ಜ್ಞಾನೋದಯ ಆಯ್ತಾ ನಿಮಗೆ? ಯಾಕೆ ತಪ್ಪಾಯ್ತು, ಅದನ್ನ ಬರೀರಿ." ಅವರು, "ನಾನು ಸರಿಯಾಗಿ ನೋಡ್ಲಿಲ್ಲ" ಎಂದರು. ಎಷ್ಟು ಸಲ ಕೇಳಿದರೂ ಅದೇ. ನಾನು ಮೂರು ಅಡಿ ದೂರದಲ್ಲಿ ಪೆನ್ನು ಹಿಡಿದು ಕೂತಿದ್ದೆ.

ಕಂದಕದ ಲಂಟಾನ ಕಡಿದಾಗ ತಮ್ಮ ಸಿಕ್ಕಿದ. ಮೂಳೆ, ಬಟ್ಟೆ, ಸೊಂಟದಲ್ಲಿ ಮರ ಹತ್ತುವ ಹಗ್ಗ, ಅದರ ಇನ್ನೊಂದು ತುದಿಗೆ ಬುಡದಲ್ಲಿ ಸೀಳಿದ ಕೊಂಬೆ. ಕತ್ತಿ ಮೇಲೆ ಮರದಲ್ಲೇ ಕಚ್ಚಿಕೊಂಡಿತ್ತು. ಕೊಂಬೆ ಸಮೇತ ಬಿದ್ದಿದ್ದಾನೆ ಎಂದರು ಡಾಕ್ಟರು. ಕೊಲ್ಲಲು ಅಲ್ಲಿ ಯಾರೂ ಇರಲಿಲ್ಲ. ಅಣ್ಣ ಹೊರಗೆ ಬರಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು.

ಅವನು ಬಂದ ಮೇಲಿನ ಗುರುವಾರ ತಾಯಿ ಮತ್ತೆ ಕಚೇರಿಗೆ ಬಂದಳು. ಕಡತ ಹಿಂದಿರುಗಿಸಲು ಹೋಗಿದ್ದ ನಾನು ಅಲ್ಲೇ ಇದ್ದೆ. ಅವಳು ಅಳಲಿಲ್ಲ, ಕೈಯೂ ಮುಗಿಯಲಿಲ್ಲ.

"ಮೊದ್ಲೇ ನೋಡ್ಬಾರ್ದಿತ್ತಾ ಸಾಮಿ. ಮೊಕ ಆದ್ರೂ ಇರೋದು."

ಅವರು ಕುರ್ಚಿಯಿಂದ ಎದ್ದು ನಿಂತರು. "ನೋಡ್ಬೇಕಿತ್ತು ಕಣಮ್ಮ. ತಪ್ಪಾಯ್ತು."

ನನ್ನ ಕಡೆ ತಿರುಗಲಿಲ್ಲ. ಕಣ್ಣಂಚಿನಲ್ಲೂ ನೋಡಲಿಲ್ಲ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಡ್ರಾಯರು ಎಳೆದು, ಬಳೆಯಿಂದ ಹನ್ನೊಂದನೆಯ ಬಿಲ್ಲೆ ಬಿಡಿಸಿ ನನ್ನ ಕೈಗಿಟ್ಟರು.

"ಇದು ನಿಮ್ಮತ್ರ ಇರ್ಲಿ. ಇದನ್ನ ಯಾರೂ ಇನ್ನೂ ಹುಡುಕಿಲ್ಲ."

ಆಮೇಲೆ ಅವರನ್ನು ಯಾವ ಹುಡುಕಾಟಕ್ಕೂ ಕರೆಯಲಿಲ್ಲ. ಮೇಲಿನಿಂದ ಒಂದು ನೋಟಿಸು ಬಂತು, ಬಡ್ತಿ ಒಂದು ಸಲ ತಪ್ಪಿತು. ನನಗೆ ಸಮಯಕ್ಕೆ ಸರಿಯಾಗಿ ಬಡ್ತಿ ಬಂತು. ನಿವೃತ್ತಿಯ ದಿನ ಹಾರ ಹಾಕಿ, ಇವರ ಬರಹದಲ್ಲಿ ಹೊಡೆದು ಹಾಕಿದ ಒಂದು ಪದವೂ ಇಲ್ಲ ಎಂದು ಹೊಗಳಿದರು. ಪೇಟೆಯಲ್ಲಿ ಎದುರಾದರೆ ಸರ್ವೇಯರ್ ನಿಂತು ಕ್ಷೇಮ ಕೇಳುತ್ತಿದ್ದರು. ಮಳೆ, ಮೊಣಕಾಲು ನೋವು, ಮಗಳ ಓದು. ಬಿಲ್ಲೆಯ ಮಾತು ಒಂದು ದಿನವೂ ಎತ್ತಲಿಲ್ಲ. ಎತ್ತಲಿ ಎಂದು ನಾನು ಪ್ರತಿ ಸಲವೂ ಕಾದೆ.

ಭಾನುವಾರ ಸಭೆ ಮುಗಿದ ಮೇಲೆ ಅವರ ಮಗಳು ನನ್ನ ಹತ್ತಿರ ಬಂದಳು. ಕೈಯಲ್ಲಿ ಆ ಬಳೆ ಇತ್ತು.

"ಅಂಕಲ್, ಇದರಲ್ಲಿ ಹನ್ನೊಂದು ಮಾತ್ರ ಇಲ್ಲ. ಎಲ್ಲಪ್ಪ ಅಂತ ಕೇಳಿದ್ರೆ, ಹುಡುಕ್ತಾ ಅವರೆ, ತಂದ್ಕೊಡ್ತಾರೆ ಅಂತಿದ್ರು. ನೀವು ಜೊತೇಲಿ ಇದ್ರಲ್ಲ, ನಿಮಗೇನಾದ್ರೂ ಗೊತ್ತಾ?"

ಬಿಲ್ಲೆ ನನ್ನ ಅಂಗಿಯ ಎಡ ಜೇಬಿನಲ್ಲಿತ್ತು. ಕೊಡಲೆಂದೇ ಇಟ್ಟುಕೊಂಡು ಹೋಗಿದ್ದೆ.

"ಬಹುಶಃ ಆ ತೋಟದಲ್ಲೇ ಎಲ್ಲೋ ಬಿದ್ದಿರಬೇಕು ಕಣಮ್ಮ" ಎಂದೆ.

ಆ ತಾಯಿ ಈಗಿಲ್ಲ. ದೊಡ್ಡ ಮಗ ಇದ್ದಾನೆ. ಯಸಳೂರಿನ ಹತ್ತಿರ ಎಲ್ಲಿ ಇಳಿಯಬೇಕು, ಎಷ್ಟು ನಡೆಯಬೇಕು, ಎಲ್ಲ ಕೇಳಿ ತಿಳಿದುಕೊಂಡಿದ್ದೇನೆ. ಮೊದಲು ಅವನಿಗೆ ಹೇಳಬೇಕು. ಬಿಲ್ಲೆಯನ್ನು ಆಮೇಲೆ ಅವರ ಮಗಳಿಗೆ ಕೊಡಬೇಕು. ಬಸ್ಸು ಬೆಳಗ್ಗೆ ಏಳೂಕಾಲಿಗೆ. ಸೋಮವಾರದಿಂದ ದಿನವೂ ಏಳಕ್ಕೆ ಹೋಗಿ ನಿಲ್ದಾಣದ ಬೆಂಚಿನ ಮೇಲೆ ಕೂರುತ್ತಿದ್ದೇನೆ. ಬಸ್ಸು ಸಮಯಕ್ಕೆ ಸರಿಯಾಗಿ ಹೊರಡುತ್ತದೆ.